ಮೇಡ್ಲೇರಿ ಬಿಡದ ಅನಸೂಯಾಬಾಯಿ

ಗೆದ್ದರೆ ಬಿಡುವುದು, ಸೋತರೆ ಹಿಡಿಯುವುದು: ಅನಸೂಯಾಬಾಯಿಯವರ ಚದುರಂಗಕ್ಕೆ ಇದೊಂದೇ ನಿಯಮ. ಬುದ್ಧಿ ನೆಟ್ಟಗಿರುವ ಆಟಗಾರ ತನ್ನನ್ನು ಗೆಲ್ಲಿಸಿದ ಆರಂಭವನ್ನು, ಅಂದರೆ ಮೊದಲ ನಡೆಗಳ ವರಸೆಯನ್ನು, ಎದೆಗವಚಿಕೊಳ್ಳುತ್ತಾನೆ, ಸೋಲಿಸಿದ್ದರ ಮುಖ ಮತ್ತೆ ನೋಡುವುದಿಲ್ಲ. ಈ ಮಹಾತಾಯಿಯದು ಪೂರಾ ತದ್ವಿರುದ್ಧ. ಒಂದು ಆರಂಭದಿಂದ ಸತತ ಮೂರು ಆಟ ಗೆದ್ದರೋ, ಅದಕ್ಕೊಂದು ನಮಸ್ಕಾರ ಹಾಕಿ ವರ್ಷಗಟ್ಟಲೆ ಅದರ ತಂಟೆಗೇ ಹೋಗುವುದಿಲ್ಲ. ಸೋತರೋ, ಗೆಲ್ಲುವ ತನಕ ಅದನ್ನೇ ಆಡುತ್ತಾರೆ. ಯಾಕೆಂದು ಕೇಳಿದರೆ, “ಗೆದ್ದದ್ದು ನಂಗ ಕಲಿಸೂದು ಮುಗಿಸ್ಯದ. ಸೋತದ್ದರ ಹತ್ರ ಇನ್ನೂ ಏನೋ ಉಳದದ,” ಎನ್ನುತ್ತಾರೆ.

ವಯಸ್ಸು ಅರವತ್ತಾರು. ಕೃಶವಾದ ದೇಹ, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಪುಟ್ಟ ತುರುಬು, ಸೀರೆಯ ಮೇಲೆ ತೋಳಿಲ್ಲದ ಕಂದು ಸ್ವೆಟರು. ರಾಣೆಬೆನ್ನೂರಿನ ಏಪ್ರಿಲ್ ಬಿಸಿಲಿನಲ್ಲಿ ನಾವೆಲ್ಲ ಅಂಗಿಯ ಗುಂಡಿ ಬಿಚ್ಚಿಕೊಂಡು ಗಾಳಿ ಹಾಕಿಕೊಳ್ಳುತ್ತಿದ್ದರೂ ಆ ಸ್ವೆಟರು ಮೈಬಿಟ್ಟು ಇಳಿಯದು. ಅದಕ್ಕೆ ಜೇಬಿದೆ, ಜೇಬಿನಲ್ಲಿ ಆಟಗಳನ್ನು ಬರೆದಿಡುವ ವಹಿಯಿದೆ, ಸೀರೆಗೆ ಜೇಬಿಲ್ಲವಲ್ಲ! ನಡಿಗೆಯೂ ವಿಚಿತ್ರ: ನಾಲ್ಕು ಹೆಜ್ಜೆ ಭರಭರ ಹಾಕಿ, ಗಕ್ಕನೆ ನಿಂತು, ಬಂದ ದಾರಿಯನ್ನೊಮ್ಮೆ ತಿರುಗಿ ನೋಡಿ ಮತ್ತೆ ಹೊರಡುತ್ತಾರೆ. ಹರೆಯದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿದವರು. ಆ ಯಂತ್ರಗಳು ಗುಜರಿಗೆ ಹೋಗಿ ಎಷ್ಟೋ ಕಾಲವಾಗಿದ್ದರೂ ಕಷ್ಟದ ನಡೆ ಬಂದಾಗಲೆಲ್ಲ ಎದುರಾಳಿಯ ಕಡೆ ಬೆರಳೆತ್ತಿ, “ಲೈನ್ ಮ್ಯಾಲೆ ಇರ್ರಿ,” ಎಂದು ಕಣ್ಣು ಮುಚ್ಚಿಬಿಡುತ್ತಾರೆ. ಎದುರಿನವನು ಇರಲೇಬೇಕು, ಬೇರೆ ಗತಿಯಿಲ್ಲ.

ಆರಂಭಗಳಿಗೆ ಪುಸ್ತಕದಲ್ಲಿರುವ ಹೆಸರುಗಳು ಅವರಿಗೆ ಗೊತ್ತಿಲ್ಲ, ಗೊತ್ತಾಗಬೇಕೆಂಬ ಹಂಬಲವೂ ಇಲ್ಲ. ಪ್ಯಾದೆಯೊಂದನ್ನು ಬಲಿಗೊಟ್ಟು ಅಬ್ಬರದಿಂದ ನುಗ್ಗುವ ಆರಂಭಕ್ಕೆ ಅವರಿಟ್ಟ ಹೆಸರು ‘ಬ್ಯಾಡಗಿ’. ಅಲ್ಲಿಯ ಮೆಣಸಿನಕಾಯಿಯ ಹಾಗೆ ನೋಡಲು ಕೆಂಪೋ ಕೆಂಪು, ಬಾಯಿಗಿಟ್ಟರೆ ಅಂಥ ಖಾರವೇನಿಲ್ಲ. ತಾನು ಏನನ್ನೂ ಮಾಡದೆ ಎದುರಿನವನು ದಣಿಯುವುದನ್ನು ಕಾಯುವಂಥದ್ದು ‘ಹಾವೇರಿ’, ಅಲ್ಲಿಯ ಕೋರ್ಟಿನಲ್ಲಿ ತಾರೀಖಿನ ಮೇಲೆ ತಾರೀಖು ಬಿದ್ದಂತೆ. ಪ್ಯಾದೆಗೆ ಪ್ಯಾದೆ ಒತ್ತಿ ನಿಂತು, ಯಾರೂ ಅತ್ತಿತ್ತ ಮಿಸುಕಲಾಗದ ನಿಧಾನದ ಆರಂಭಕ್ಕೆ ‘ಮೇಡ್ಲೇರಿ’ ಎಂದು ಹೆಸರು. ಹೊಳೆದಂಡೆಯ ಆ ಊರಿನ ನೀರುಂಡ ಗದ್ದೆಯಲ್ಲಿ ಕಾಲಿಟ್ಟವರಿಗೆ ಕಾರಣ ಹೇಳಬೇಕಿಲ್ಲ. ನಮ್ಮ ರಾಣೆಬೆನ್ನೂರು ಚದುರಂಗ ತಂಡದ ನಾಯಕ ಹೇಮಂತ, ಬೀಜದ ಕಂಪನಿಯಲ್ಲಿ ಕೆಲಸ ಮಾಡುವವನು, ಒಮ್ಮೆ ಮೊಬೈಲಿನಲ್ಲಿ ಹುಡುಕಿ, “ಬಾಯಾರ, ಇದಕ್ಕ ದೊಡ್ಡ ಹೆಸರು ಅದರೀ,” ಎಂದ. “ಅವರ ಊರಾಗ ಇರ್ಲಿ ಬಿಡಪಾ,” ಎಂದು ಬಾಯಾರು ಪ್ಯಾದೆ ಸರಿಸಿದರು.

ಈ ಮೇಡ್ಲೇರಿಯೇ ಅವರನ್ನು ಹಣ್ಣುಗಾಯಿ ಮಾಡಿದ್ದು. ದೀಪಾವಳಿಯಿಂದ ಯುಗಾದಿಯವರೆಗೆ ಅದನ್ನಾಡಿ ಹದಿನಾಲ್ಕು ಆಟ ಸೋತರು, ಒಂದರ ಹಿಂದೆ ಒಂದು, ನಡುವೆ ಒಂದು ಸಮ ಕೂಡ ಇಲ್ಲ! ಅದರಲ್ಲಿ ಎಂಟು ಸೋಲು ಅಬ್ದುಲಗನಿ ಸಾಹೇಬರ ಕೈಯಲ್ಲಿ. ಸಾಹೇಬರು ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಬಣ್ಣ ನೋಡಿ ದರ್ಜೆ ವಿಂಗಡಿಸುವವರು. ಭಾನುವಾರ ಬಂತೆಂದರೆ ಅಲ್ಲಿಂದ ಬಸ್ಸು ಹಿಡಿದು ನಮ್ಮ ಚದುರಂಗ ಕೂಟಕ್ಕೆ ಹಾಜರಾಗುವವರು. ಸೋತಾಗ ಬಾಯಾರ ಮುಖದಲ್ಲಿ ಏನೂ ತೋರುತ್ತಿರಲಿಲ್ಲ. ವಹಿಯಲ್ಲಿ ಆಟ ಬರೆದುಕೊಂಡು, “ಛಲೋ ಆಡಿದ್ರಿ,” ಎಂದು ಎದ್ದು ಹೋಗುತ್ತಿದ್ದರು. ಒಳಗೊಳಗೇ ಏನೋ ಸವೆಯುತ್ತಿತ್ತೆಂದು ನಮಗೆ ತಿಳಿದದ್ದು ತಡವಾಗಿ. ಮನೆಗೆ ಬೀಗ ಹಾಕಿ ಓಣಿಯ ತುದಿಯವರೆಗೆ ಬಂದವರು, ಹಾಕಿದೆನೋ ಇಲ್ಲವೋ ಎಂದು ಎರಡೆರಡು ಸಲ ತಿರುಗಿ ಹೋಗಿ ಜಗ್ಗಿ ನೋಡಹತ್ತಿದರು. ಬಸ್ಸಿನ ಬೋರ್ಡನ್ನು ಸ್ವತಃ ಓದಿ, ಮತ್ತೆ ಪಕ್ಕದವರನ್ನು ಕೇಳಿ ಹತ್ತುತ್ತಿದ್ದರು. ಮೂವತ್ತು ವರ್ಷ ಊರಿನವರ ಧ್ವನಿಗಳನ್ನು ತಪ್ಪಿಲ್ಲದೆ ಜೋಡಿಸಿದ ಹೆಂಗಸು ತನ್ನ ಕಣ್ಣನ್ನು ತಾನೇ ನಂಬದ ಸ್ಥಿತಿಗೆ ಬಂದದ್ದು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಅಷ್ಟರಲ್ಲಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಂಡಗಳ ವಾರ್ಷಿಕ ಪಂದ್ಯ ಬಂತು. ತಂಡಕ್ಕೆ ನಾಲ್ವರು, ಗೆದ್ದವರಿಗೆ ಒಂದು ಹಿತ್ತಾಳೆಯ ಢಾಲು. ಆ ಢಾಲು ರಾಣೆಬೆನ್ನೂರನ್ನು ನೋಡಿ ಒಂಬತ್ತು ವರ್ಷವಾಗಿತ್ತು. ಮೊದಲ ಹಲಗೆಯಲ್ಲಿ ಆಡಬೇಕಾದವರು ಬಾಯಾರು. ಹೇಮಂತ ಅವರ ಮನೆಗೇ ಹೋಗಿ ಕೈಮುಗಿದ: “ಈ ಒಂದು ಸಲ ಮೇಡ್ಲೇರಿ ಬಿಡ್ರಿ ಬಾಯಾರ. ಗನಿ ಸಾಹೇಬರು ಸುದ್ದಾ ನನ್ನ ಮುಂದ ಅಂದ್ರು, ‘ಬಾಯಾರು ಸೋಲೂದು ನೋಡಾಕ ಆಗವಲ್ದು’ ಅಂತ.” ಆರಂಭ ಬದಲಿಸಲೆಂದು ಅವನು ಆಡಿದ ಮಾತು ಬಾಯಾರ ಎದೆಯಲ್ಲಿ ಬೇರೆಯೇ ಜಾಗದಲ್ಲಿ ಹೋಗಿ ಕುಳಿತಿತು. ಅಷ್ಟಾದರೂ ಬಾಯಾರು ಆರಂಭವನ್ನು ಬಿಡಲಿಲ್ಲ.

ಪಂದ್ಯ ನಡೆದದ್ದು ಹಾವೇರಿಯ ಒಂದು ಮಂಗಲ ಕಾರ್ಯಾಲಯದಲ್ಲಿ. ಬೆಳಿಗ್ಗೆಯೇ ಹಾವೇರಿಯವರು ಸೋತು ಹೊರಬಿದ್ದು, ಮಧ್ಯಾಹ್ನ ಉಳಿದದ್ದು ನಾವು ಮತ್ತು ಬ್ಯಾಡಗಿಯವರು. ಮೂರು ಹಲಗೆಗಳ ಆಟ ಮುಗಿದಾಗ ಒಂದು ಗೆಲುವು, ಒಂದು ಸೋಲು, ಒಂದು ಸಮ. ಢಾಲು ಯಾರಿಗೆಂಬುದು ಬಾಯಾರ ಮತ್ತು ಗನಿ ಸಾಹೇಬರ ಆಟದ ಮೇಲೆ ನಿಂತಿತು. ಎಲ್ಲರೂ ಅವರ ಸುತ್ತ ನಿಂತೆವು. ಬಾಯಾರ ಪ್ಯಾದೆಯೊಂದು ಕೊನೆಯ ಸಾಲಿಗೆ ಎರಡೇ ಮನೆ ದೂರದಲ್ಲಿತ್ತು. ಅಲ್ಲಿ ಮುಟ್ಟಿದರೆ ಅದೇ ವಜೀರ. ಆದರೆ ನಡೆ ಸಾಹೇಬರದು, ಅವರ ಕುದುರೆ ಮುಂದಕ್ಕೊಮ್ಮೆ ಹಾರಿದರೆ ಬಾಯಾರ ರಾಜನಿಗೂ ವಜೀರನಿಗೂ ಏಕಕಾಲಕ್ಕೆ ಬಾಯಿ ಹಾಕುತ್ತಿತ್ತು. ಒಂಟೆಯಾಗಲಿ ಆನೆಯಾಗಲಿ, ಆ ಮನೆಯನ್ನು ಕಾಯುವ ಕಾಯಿ ಒಂದೂ ಇರಲಿಲ್ಲ. ಹೇಮಂತ ಕಣ್ಣು ಮುಚ್ಚಿಕೊಂಡ. ಸಾಹೇಬರು ಕುದುರೆಯನ್ನೆತ್ತಿ, ಬಾಯಾರ ಮುಖವನ್ನೊಮ್ಮೆ ನೋಡಿ, ಅದನ್ನು ಹಿಂದಿನ ಬೇರೊಂದು ಮನೆಗೆ ತಂದಿಟ್ಟರು.

ಇನ್ನು ಆ ಪ್ಯಾದೆಯನ್ನು ತಡೆಯುವವರಿರಲಿಲ್ಲ. ನಮ್ಮ ಕಡೆಯವರು ಒಬ್ಬರ ಕೈ ಒಬ್ಬರು ಹಿಚುಕಿದೆವು. ಬಾಯಾರು ಹಲಗೆಯನ್ನು ನೋಡಿದರು, ಸಾಹೇಬರನ್ನು ನೋಡಿದರು. ಇಷ್ಟು ದೊಡ್ಡ ಆಟಗಾರನಿಗೆ ಆ ಮನೆ ಕಾಣದೆ ಹೋದೀತೆ? ನನ್ನ ಮುಖ ನೋಡಿದ್ದೇಕೆ? ಹೇಮಂತ ಅಂದಿದ್ದ ಸಾಹೇಬರ ಮಾತು ಬಾಯಾರಿಗೆ ನೆನಪಾಗಿರಬೇಕು. ಕೊನೆಗೆ ತಮ್ಮ ರಾಜನನ್ನು ತಾವೇ ಮಲಗಿಸಿ ಸೋಲೊಪ್ಪಿದರು. “ಸಾಹೇಬ್ರ, ಭಿಕ್ಷಾ ಹಾಕಬ್ಯಾಡ್ರಿ,” ಎಂದರು.

ಮೊದಲು ಬಾಯಿಬಿಟ್ಟವನು ಹೇಮಂತ: “ನಾಲ್ಕು ಮಂದೀದು ಆಟ ಇತ್ತರೀ ಇದು, ಬಾಯಾರ. ನಿಮ್ಮೊಬ್ಬರದಲ್ಲ.” ಢಾಲು ಬ್ಯಾಡಗಿಗೆ ಹೋಯಿತು. ಅದನ್ನು ಇಸಿದುಕೊಳ್ಳಲು ಗನಿ ಸಾಹೇಬರು ಮುಂದೆ ಬರಲಿಲ್ಲ, ಚಹಾ ಕೂಡ ಕುಡಿಯದೆ ಹೊರಟುಹೋದರು.

ಕೈ ಕುಲುಕದೆ ಹೋದ ಆ ಮನುಷ್ಯನ ನೆನಪು ಬಾಯಾರನ್ನು ಎರಡು ದಿನ ಸುಮ್ಮನಿರಗೊಡಲಿಲ್ಲ. ಮಂಗಳವಾರ ಬ್ಯಾಡಗಿಗೆ ಹೋದರು. ಅಂಗಡಿಯ ಕಟ್ಟೆಯ ಮೇಲೆ ಮೆಣಸಿನಕಾಯಿ ಆರಿಸುತ್ತ ಕುಳಿತಿದ್ದ ಸಾಹೇಬರು ತಲೆಯೆತ್ತದೆಯೇ, “ಬರ್ರಿ, ಕುಂದ್ರಿ,” ಎಂದರು.

“ಆ ಮನೀಗೆ ಕುದರಿ ಯಾಕ ಹಾರಸಲಿಲ್ಲ, ಖರೇ ಹೇಳ್ರಿ.”

“ಆ ಮನಿ ನಿಮ್ಮ ಒಂಟಿ ಕಾಯ್ತೈತಿ ಅಂತ ತಿಳದಿದ್ನಿರಿ. ಎಂಟು ಆಟದಾಗೂ ಅಲ್ಲೇ ಕಾಯ್ಕೊಂತ ನಿಂತಿತ್ತಲ್ರಿ ಅದು! ಆವತ್ತ ನೀವು ಪ್ಯಾದಿಗೆ ಆಸರ ಅಂತ ಅದನ್ನ ಸರಿಸೀರಿ. ನಾ ಹಳೇ ಆಟಾನ ಕಣ್ಣಾಗ ಇಟ್ಕೊಂಡು ಕುಂತಿದ್ದೆ.”

“ಮತ್ತ ನನ್ನ ಮಾರಿ ಯಾಕ ನೋಡಿದ್ರಿ?”

“ಹೆದರಿಕಿರಿ, ಬಾಯಾರ. ಪ್ಯಾದಿ ಬರಾಕತ್ತಿತ್ತು. ನಾ ಸೋಲಾಕತ್ತಿದ್ದೆ.” ಈಗ ಸಾಹೇಬರು ತಲೆಯೆತ್ತಿದರು. “ನೀವು ಸೋಲೂದು ನೋಡಿ ನಂಗ ಕೆಟ್ಟ ಅನಸ್ತಿತ್ತು, ಖರೇ. ಆದ್ರ ಆಟ ಬಿಟ್ಟುಕೊಡೂ ಮನಷ್ಯಾ ಅಲ್ರಿ ನಾ. ಸೋತದ್ದು ಬೇಕಾದ್ರ ತಡಕೋತಿದ್ದೆ. ಭಿಕ್ಷಾ ಅಂದ್ರಲ್ಲಾ ನೀವು, ಅದನ್ನ ಹೆಂಗ ತಡಕೊಳ್ಳಲಿ?”

ಬಾಯಾರ ಕಣ್ಣಲ್ಲಿ ಧಾರಾಳವಾಗಿ ನೀರು ಬಂತು. ಮೆಣಸಿನಕಾಯಿಯ ಘಾಟಿನ ನೆವ ಹೇಳಬಹುದಿತ್ತು, ಹೇಳಲಿಲ್ಲ. “ತಪ್ಪಾತ್ರಿ,” ಎಂದಷ್ಟೇ ಅಂದು, ಅವರ ಎದುರಿನ ರಾಶಿಗೆ ಕೈಹಾಕಿ ತುಸು ಹೊತ್ತು ತಾವೂ ಕಾಯಿ ಆರಿಸಿದರಂತೆ.

ಮುಂದಿನ ಭಾನುವಾರ ಕೂಟದಲ್ಲಿ ಅವರು ಕುಳಿತುಕೊಳ್ಳಲೇ ಇಲ್ಲ. ನಿಂತುಕೊಂಡೇ, ಎಲ್ಲರಿಗೂ ಕೇಳುವಂತೆ ಹೇಳಿದರು: “ಹೇಮಂತ, ಆ ಆಟ ನಾ ಗೆದ್ದಿದ್ದೆ. ಸಾಹೇಬರು ಕೊಟ್ಟದ್ದಲ್ಲ, ನಾನ ಗೆದ್ದದ್ದು. ನಂಗ ನಂಬ್ಲಿಕ್ಕೆ ಆಗ್ಲಿಲ್ಲ, ನಿಮ್ಮೆಲ್ಲಾರ ಢಾಲು ಹೋತು.” ಹೇಮಂತನ ಸಿಟ್ಟು ಇಳಿದಿತ್ತೋ ಇಲ್ಲವೋ, ಅವನು ಅವರಿಗೊಂದು ಕುರ್ಚಿ ಎಳೆದುಕೊಟ್ಟ.

ಸೋಲನ್ನು ಮುಖ ಕಿವುಚದೆ ನುಂಗುವವರನ್ನು ಕಂಡರೆ ನಮಗೆ ಸಹಜವಾಗಿ ಗೌರವ. ಆ ಗೌರವದಲ್ಲಿ ಅವರೊಳಗಿನ ಗಾಯವನ್ನು ನಾವು ಕಾಣುವುದೇ ಇಲ್ಲ. ಅಂಥವರು ತಮ್ಮ ಸೋಲುಗಳನ್ನೆಲ್ಲ ಸ್ವಂತ ಆಸ್ತಿಯೆಂದು ಒಪ್ಪಿಕೊಳ್ಳುತ್ತಾರೆ, ಆ ಸೋಲುಗಳೇ ಬೆವರು ಸುರಿಸಿ ಗಳಿಸಿಕೊಟ್ಟ ಗೆಲುವು ಬಾಗಿಲಿಗೆ ಬಂದು ನಿಂತರೆ ಮಾತ್ರ, ಇದು ಯಾರದೋ ದಾನವಿರಬೇಕೆಂದು ಹಿಂದಕ್ಕೆ ಕಳಿಸುತ್ತಾರೆ. ತಾವು ವಿನಯದಿಂದ ನಡೆದೆವೆಂದೇ ಅವರ ತಿಳುವಳಿಕೆ. ಎದುರಿಗೆ ಕುಳಿತವನೂ ಜೀವ ಹಿಡಿದು ಆಡಿದ್ದಾನೆ, ಅವನನ್ನು ಸೋಲಿಸಿದಾಗ ‘ಹೌದು, ಸೋಲಿಸಿದೆ’ ಎಂದು ಬಾಯಿಬಿಟ್ಟು ಹೇಳುವುದೂ ಅವನಿಗೆ ಸಲ್ಲಬೇಕಾದ ಮರ್ಯಾದೆ. ಇದು ಅವರಿಗೆ ಅರ್ಥವಾಗುವ ಹೊತ್ತಿಗೆ ಎಷ್ಟೋ ಸಲ ಆಟ ಮುಗಿದು, ಎದುರಿನ ಕುರ್ಚಿ ಖಾಲಿಯಾಗಿರುತ್ತದೆ.