ಹೊರಗಿಂದ ತೆಗೆಯೋ ಚಿಲಕ

ಟೈಲರಕ್ಕನ ಬಾಯಿಗೆ ಹೆದರದ ಗಿರಾಕಿ ಆ ಬೀದಿಯಲ್ಲಿ ಒಬ್ಬನೂ ಇರಲಿಲ್ಲ. ಅಂಥ ಅಕ್ಕ ಹೆದರುತ್ತಿದ್ದದ್ದು ಒಂದಕ್ಕೇ. ಅವಳ ತಮ್ಮ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರೆ ಸಾಕು, ಅವನು ಹೊರಗೆ ಬರೋ ತನಕ ಅವಳ ಹೊಲಿಗೆ ಮೆಷಿನ್ನು ಓಡುತ್ತಿರಲಿಲ್ಲ.

ತಮ್ಮ ಮೂವತ್ತು ದಾಟಿದವನು, ಕೈಕೆಲಸ ಬಲ್ಲ ಎಲೆಕ್ಟ್ರಿಷಿಯನ್. ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡಾಗ ನೋವಿನ ಮಾತ್ರೆಯಿಂದ ಶುರುವಾದದ್ದು ಹೆರಾಯಿನ್ನಿಗೆ ಹೋಗಿ ಮುಟ್ಟಿತ್ತು. ಬಿಡಿಸೋ ಕೇಂದ್ರದಲ್ಲಿ ಮೂರು ತಿಂಗಳಿದ್ದು ಈಗಷ್ಟೇ ಬಂದಿದ್ದ. "ದೂರದಲ್ಲಿ ವೈರಿಂಗ್ ಕೆಲಸ ಸಿಕ್ಕಿತ್ತು" ಅಂತ ಅಕ್ಕ ಎಲ್ಲರಿಗೂ ಹೇಳಿದ್ದಳು. ಬೀದಿಯವರು "ಹೌದಾ" ಅಂದು ಸುಮ್ಮನಾಗಿದ್ದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಯಾರಿಗೆ ತಾನೇ ಗೊತ್ತಾಗಲ್ಲ!

ಬೀದಿ ಒಂದು ಸಲ ಕೈ ಸುಟ್ಟುಕೊಂಡಿತ್ತು. ಹೋದ ವರ್ಷ ಬೇಕರಿಯವರ ಅಳಿಯ ಇದೇ ಹೆರಾಯಿನ್ ಹೆಚ್ಚಾಗಿ ಅಂಗಡಿಗಳ ಹಿಂದಿನ ಶೌಚಾಲಯದಲ್ಲಿ ಬಿದ್ದಿದ್ದ. ಬಾಗಿಲು ಒಡೆಯುವಷ್ಟರಲ್ಲಿ ಜೀವ ಹೋಗಿತ್ತು. ಆಮೇಲೆ ಎಲ್ಲರೂ ಕೂತು ಮಾತಾಡಿದರು. ಕ್ಲಿನಿಕ್ಕಿನ ನರ್ಸಮ್ಮ ಬಂದು, ಅಮಲು ಹೆಚ್ಚಾಗಿ ಉಸಿರು ನಿಂತವರ ಮೂಗಿಗೆ ಔಷಧಿ ಹೊಡೆಯೋದು, ಬಾಯಿಂದ ಉಸಿರು ಊದೋದು ಕಲಿಸಿದಳು. ಔಷಧಿ ಕ್ಷೌರದಂಗಡಿಯ ಕನ್ನಡಿ ಕೆಳಗೆ ಬಂದು ಕೂತಿತು. ಬಡಗಿ ಬೀದಿಯ ಬಚ್ಚಲುಗಳಿಗೆಲ್ಲ ಹೊಸ ಚಿಲಕ ಹಾಕಿಕೊಟ್ಟ. ಹೊರಗಡೆ ಒಂದು ಸೀಳು, ಅದರಲ್ಲಿ ನಾಣ್ಯ ತೂರಿಸಿ ತಿರುಗಿಸಿದರೆ ಬಾಗಿಲು ತೆರೆಯುತ್ತೆ. ಒಳಗೆ ಹೋದವರು ಐದು ನಿಮಿಷಕ್ಕೆ ಬರದಿದ್ದರೆ ತಟ್ಟಿ "ಇದ್ದೀಯಾ?" ಅನ್ನಬೇಕು, ಒಳಗಿನವರು "ಇದ್ದೀನಿ" ಅನ್ನಬೇಕು. ಹೊಟ್ಟೆ ಕೆಟ್ಟವರ ಪಾಡು ದೇವರಿಗೇ ಪ್ರೀತಿ. ಕ್ಷೌರದಂಗಡಿ ಮಾವ ಒಂದೇ ದಿನ ಹದಿನಾಲ್ಕು ಸಲ "ಇದ್ದೀನಪ್ಪಾ, ಇದ್ದೀನಿ" ಅಂದಿದ್ದ.

ಟೈಲರಕ್ಕ ಮಾತ್ರ ಬಡಗಿಯನ್ನು ಹೊಸ್ತಿಲು ದಾಟಲು ಬಿಡಲಿಲ್ಲ.

"ಯಾರಿಗಾದ್ರೂ ತಲೆ ಸುತ್ತಬಹುದಲ್ಲಕ್ಕಾ," ಅಂದ ಅವನು.

"ನಮ್ಮನೇಲಿ ಯಾರಿಗೂ ಸುತ್ತಲ್ಲ. ನೀನು ಹೆಚ್ಚು ಮಾತಾಡಿದ್ರೆ ನಿನಗೇ ಸುತ್ತುತ್ತೆ, ನಡಿ!"

ತಮ್ಮ ಬಂದ ಮೇಲೆ ಹಳೇ ಚಿಲಕ ತುಕ್ಕು ಹಿಡಿದಿದೆ ಅಂತ ಬದಲಾಯಿಸಿದ, ಬಾಗಿಲಿಗೆ ನೀಲಿ ಬಣ್ಣವನ್ನೂ ಬಳಿದ. ಅಕ್ಕನಿಗೆ ಖುಷಿಯೋ ಖುಷಿ. ಅಂತೂ ಮನೆ ಕಡೆ ಗಮನ ಬಂತು ಅಂದುಕೊಂಡಳು.

ಒಂದು ಮಧ್ಯಾಹ್ನ ಗಿರಾಕಿಯೊಬ್ಬಳ ಜೊತೆ ತೋಳಿನ ಅಳತೆಗೆ ಜಗಳವಾಡುತ್ತಾ ಅಕ್ಕ ಹೊತ್ತು ಮರೆತಳು. ಬಚ್ಚಲಿಗೆ ಹೋಗಿದ್ದ ತಮ್ಮ ಬಂದಿರಲಿಲ್ಲ, ಒಳಗೆ ನಲ್ಲಿ ಸುರಿಯುತ್ತಲೇ ಇತ್ತು.

"ಏಯ್, ಎಷ್ಟೊತ್ತೋ?"

ಉತ್ತರವಿಲ್ಲ. ತಟ್ಟಿದಳು, ಗುದ್ದಿದಳು. ಕೂಗಿದರೆ ಗುಟ್ಟು ರಟ್ಟಾಗುತ್ತೆ. ಒಂದೇ ಒಂದು ಕ್ಷಣ ಹಾಗೆ ಯೋಚಿಸಿದಳು. ಆ ಕ್ಷಣಕ್ಕಾಗಿ ಆಮೇಲೆ ತನ್ನನ್ನು ತಾನೇ ಎಷ್ಟು ಬೈದುಕೊಂಡಳೋ! ಮರುಕ್ಷಣ ಬೀದಿಗೆ ಓಡಿ, "ಬನ್ರೋ! ನನ್ನ ತಮ್ಮ! ಬಾಗಿಲು ಒಡೀರೋ!" ಅಂತ ಕಿರುಚಿದಳು.

ಮಾವ ಔಷಧಿ ಹಿಡಿದು ಓಡಿಬಂದ. ಅವನ ಹಿಂದೆ ಅರ್ಧ ಗಡ್ಡದ ಗಿರಾಕಿ ಬಂದ. ಬೇಕರಿಯಮ್ಮ ಆಂಬುಲೆನ್ಸಿಗೆ ಫೋನು ಹಚ್ಚಿದಳು. ಬಡಗಿ ಬರಿಗೈಲಿ ಬಂದ.

"ಸುತ್ತಿಗೆ ಎಲ್ಲೋ?" ಅಂತ ಅಕ್ಕ ಹೌಹಾರಿದಳು.

"ಒಡೆಯೋದು ಬೇಡಕ್ಕಾ. ಬಣ್ಣದ ಕೆಳಗೆ ಸೀಳು ಇದೆ, ನೋಡು. ನಾಣ್ಯ, ನಾಣ್ಯ ಕೊಡಿ!"

ನಾಣ್ಯಕ್ಕೆ ಯಾರು ಕಾಯ್ತಾರೆ? ಕೊರಳಲ್ಲಿ ನೇತಾಡುತ್ತಿದ್ದ ಕತ್ತರಿಯ ತುದಿಯನ್ನೇ ಅಕ್ಕ ಸೀಳಿಗೆ ತೂರಿಸಿ ತಿರುಗಿಸಿದಳು. ಬಾಗಿಲು ತೆರೆಯಿತು.

ಒಳಗೆ ಬಿದ್ದಿದ್ದ ತಮ್ಮನ ತುಟಿ ನೀಲಿಯಾಗಿತ್ತು. ಮಾವ ಒಂದು ಹೊಳ್ಳೆಗೆ ಔಷಧಿ ಹೊಡೆದ. ಬೇಕರಿಯಮ್ಮ ಮಂಡಿಯೂರಿ ಉಸಿರು ಊದಿದಳು. ಅಳಿಯನಿಗೆ ಊದಲಾಗದ ಉಸಿರನ್ನೆಲ್ಲ ಸೇರಿಸಿ ಊದಿದಳು. ಮೂರು ನಿಮಿಷವಾದರೂ ಕದಲಲಿಲ್ಲ. ಇನ್ನೊಂದು ಸಲ ಔಷಧಿ ಹೊಡೆದರು. ಆಮೇಲೆ ಗೊರ್ ಅಂತ ಒಂದು ಉಸಿರು, ಹಿಂದೆಯೇ ಇನ್ನೊಂದು. ಅಕ್ಕನಿಗೆ ತನ್ನದೇ ಹೋದ ಜೀವ ಬಂದ ಹಾಗಾಯಿತು. ಗೋಡೆಗೊರಗಿ ಗೊಳೋ ಅಂತ ಅತ್ತಳು, ಯಾರಿದ್ದಾರೆ ಯಾರಿಲ್ಲ ಅಂತ ನೋಡಲಿಲ್ಲ.

"ಆ ಚಿಲಕ ನನ್ನ ಹತ್ರ ಇಸ್ಕೊಂಡು ಹೋಗಿ ಹಾಕಿದೋನು ಅವನೇ," ಬಡಗಿ ಮೆಲ್ಲಗೆ ಹೇಳಿದ. "'ನನ್ನ ಮೇಲೆ ನನಗೇ ನಂಬಿಕೆ ಇಲ್ಲಣ್ಣ. ಅಕ್ಕನಿಗೆ ಗೊತ್ತಾಗ್ಬಾರದು, ನಾಚ್ಕೋತಾಳೆ' ಅಂದ. ಬಣ್ಣನೂ ಅದಕ್ಕೇ."

ಅಕ್ಕನಿಗೆ ಬೈಯೋಕೆ ಒಂದು ಮಾತೂ ಸಿಗಲಿಲ್ಲ. ಅವಳ ಬದುಕಲ್ಲೇ ಅದು ಮೊದಲು.

ಆಸ್ಪತ್ರೆಯಿಂದ ಬಂದ ಮೇಲೆ ತಮ್ಮ, ಚಟ ತಡೆಯೋಕೆ ಡಾಕ್ಟರು ಬರೆದುಕೊಟ್ಟ ಔಷಧಿಗೆ ದಿನಾ ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗಬೇಕಿತ್ತು. ಒಂದು ದಿನ ಮಾವ ಜೊತೆಗೆ ಹೋಗುತ್ತಿದ್ದ, ಒಂದು ದಿನ ಬಡಗಿ. "ವೈರಿಂಗ್ ಕೆಲಸ" ಅನ್ನೋ ಮಾತು ಅಕ್ಕನ ಬಾಯಿಂದ ಮತ್ತೆ ಬರಲಿಲ್ಲ. ಬಾಗಿಲ ಸೀಳಿನಲ್ಲಿದ್ದ ಬಣ್ಣವನ್ನು ಅವಳೇ ಕೂತು ಕೆರೆದು ತೆಗೆದಳು.

ಬಣ್ಣ ಕೆರೆದ ದಿನ ಸಂಜೆ ಅಕ್ಕ ಬಚ್ಚಲಿಗೆ ಹೋಗಿ ನಿಧಾನಕ್ಕೆ ಮುಖ ತೊಳೆಯುತ್ತಿದ್ದಳು. ಹೊರಗೆ ಬಾಗಿಲು ತಟ್ಟಿದ ಸದ್ದಾಯಿತು.

"ಅಕ್ಕಾ, ಐದು ನಿಮಿಷ ಆಯ್ತು. ಇದ್ದೀಯಾ?"

ಸೋಪು ಕಣ್ಣಿಗೆ ಹೋಯಿತೋ, ಇನ್ನೇನೋ.

"ಇದ್ದೀನಿ ಕಣೋ," ಅಂದಳು. "ನೀನು?"

"ನಾನೂ ಇದ್ದೀನಿ."