ಚಿತ್ರವಿಲ್ಲದ ಚಿನ್ನದ ಬಣ್ಣದ ಪೊಟ್ಟಣ

ಹಡಗಿನಲ್ಲಿ ಅಡುಗೆ ಮಾಡುವ ಗಂಡ ವರ್ಷಕ್ಕೊಮ್ಮೆ ಮನೆಗೆ ಬರುತ್ತಾನೆ. ಬರುವ ಮುಂಚೆ ಫೋನಿನಲ್ಲಿ ತನ್ನ ಅಳತೆ ಹೇಳುತ್ತಾನೆ. ದರ್ಜಿ ಕೆಲಸದ ಹೆಂಡತಿ ಹೊಸ ಅಂಗಿ ಹೊಲಿದಿಟ್ಟು ದಾರಿ ಕಾಯುತ್ತಾಳೆ. ಈ ಸಲ ಎದೆಯ ಅಳತೆ ಎರಡು ಇಂಚು ಇಳಿದಿತ್ತು. ಟೇಪು ಸರಿಯಾಗಿ ಹಿಡಿದಿಲ್ಲವೇನೋ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೆ ಮಾತಿನ ನಡುವೆ ಕೆಮ್ಮು ಕೇಳಿಸಿತ್ತಲ್ಲ, ಅದಕ್ಕೇನು ಹೇಳುವುದು?

ಮರುದಿನ ಪಕ್ಕದ ಮನೆಯ ಆರೋಗ್ಯ ಕಾರ್ಯಕರ್ತೆ ಯೂನಿಫಾರ್ಮಿನ ತೋಳು ಸರಿಮಾಡಿಸಲು ಬಂದಳು. ಹೊಲಿಗೆ ಯಂತ್ರದ ಮೇಲೆ ಚಿನ್ನದ ಬಣ್ಣದ ಪೊಟ್ಟಣವೊಂದಿತ್ತು.

“ಇದೇನಕ್ಕ, ಸಿಗರೇಟ್ ಪ್ಯಾಕಲ್ಲಿ ಗುಂಡಿ ಇಟ್ಟಿದ್ದೀರಿ?”

“ನಮ್ಮೋರದ್ದು. ಹೋದ್ಸಲ ಬಿಟ್ಟುಹೋದ್ರು. ಮೂಸಿದ್ರೆ ಪಕ್ಕದಲ್ಲೇ ಕೂತಂಗಿರುತ್ತೆ.” ಹೇಳಿ ನಾಚಿದಳು.

ಕಾರ್ಯಕರ್ತೆ ಪೊಟ್ಟಣ ತಿರುಗಿಸಿ ನೋಡಿದಳು. “ಎಚ್ಚರಿಕೆ ಚಿತ್ರಾನೇ ಇಲ್ವಲ್ಲ!”

“ಅದಕ್ಕೇ ಇದನ್ನ ಸೇದ್ತಾರೆ. ಇಲ್ಲಿ ಸಿಗೋದ್ರ ಮೇಲಿನ ಹುಣ್ಣುಬಾಯಿ ಚಿತ್ರ ನೋಡಿ ಹೆದರಿ ನಾನೇ ಬಿಡಿಸಿದ್ದೆ. ಇದು ಫಾರಿನ್ನು, ಒಳ್ಳೇ ಮಾಲು ಅಂತ ಸುಮ್ಮನಾದೆ.”

“ಅಯ್ಯೋ ಅಕ್ಕ! ಹೊರದೇಶದಿಂದ ತರಿಸಿದ್ರೂ, ಇಲ್ಲಿ ಮಾರೋ ಪ್ಯಾಕ್ ಮೇಲೆ ಚಿತ್ರ, ಎಚ್ಚರಿಕೆ ಎರಡೂ ಇರ್ಲೇಬೇಕು ಅಂತ ಕಾನೂನಿದೆ. ಇದು ಅಂಗಡಿಗೆ ಬರದೆ ಅವರ ಬ್ಯಾಗಲ್ಲಿ ಬಂದಿದೆ, ಅದಕ್ಕೇ ಬರೀ ಚಂದ ಇದೆ. ಒಳಗಿನ ಹೊಗೆ ಮಾತ್ರ ಅದೇ ಹೊಗೆ.”

ಹೆಂಡತಿ ಪೊಟ್ಟಣವನ್ನು ದೂರ ತಳ್ಳಿದಳು. ಇಷ್ಟು ದಿನ ಗಂಡನ ವಾಸನೆ ಎಂದು ಜೋಪಾನ ಮಾಡಿದ್ದು ಅವನನ್ನೇ ತಿನ್ನುತ್ತಿದ್ದುದನ್ನು. ಆಗಲೇ ಫೋನ್ ಮಾಡಿದಳು.

“ರೀ, ಆ ಸಿಗರೇಟ್ ಬಿಟ್ಬಿಡಿ. ಕೆಮ್ಮು ಡಾಕ್ಟರಿಗೆ ತೋರಿಸಿ.”

“ಫಾರಿನ್ದು ಕಣೇ, ಏನೂ ಆಗಲ್ಲ...” ಅನ್ನುವಷ್ಟರಲ್ಲಿ ಕೆಮ್ಮು ಬಂತು.

“ಎದೆ ಎರಡಿಂಚು ಇಳಿದಿದೆಯಲ್ರೀ. ಇನ್ನೆಷ್ಟು ಚಿಕ್ಕ ಅಂಗಿ ಹೊಲೀಲಿ? ನನಗೆ ನಿಮ್ಮ ವಾಸನೆಯಷ್ಟೇ ಸಾಲದು, ನೀವು ಬೇಕು.”

ಆ ಕಡೆ ಪೊಟ್ಟಣ ಹಿಸುಕಿದ ಸದ್ದು ಕೇಳಿಸಿತು.

“ಇವತ್ತಿಗೆ ಮುಗೀತು ಕಣೇ. ನಾಳೆ ಬಂದರು ಸೇರಿದ ತಕ್ಷಣ ಡಾಕ್ಟರ್ ಹತ್ರ ಹೋಗ್ತೀನಿ. ಅಂಗಿ ಮಾತ್ರ ಹಳೇ ಅಳತೆಗೇ ಹೊಲಿ.”

ಅವಳು ಗುಂಡಿಗಳನ್ನು ಬಟ್ಟಲಿಗೆ ಸುರಿದು ಪೊಟ್ಟಣವನ್ನು ಕಸಕ್ಕೆಸೆದಳು. ಕಣ್ಣೊರೆಸಿಕೊಂಡು, ಹಳೆಯ ಅಳತೆಗೇ ಬಟ್ಟೆ ಕತ್ತರಿಸಿದಳು.

ನಿಮ್ಮ ಮನೆಗೂ ಇಂಥ ಚಂದದ ಪೊಟ್ಟಣ ಬಂದಿದೆಯೇ? ತಿರುಗಿಸಿ ನೋಡಿ. ಎಚ್ಚರಿಕೆಯಿಲ್ಲದ ಪೊಟ್ಟಣ ಅಂಗಡಿಯಲ್ಲಿ ಕಂಡರೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಚಿತ್ರ ಇರಲಿ, ಇಲ್ಲದಿರಲಿ, ಸೇದುವವರಿಗೆ ಇವತ್ತೇ ಬಿಡಲು ಹೇಳಿ. ನೀವು ದಾರಿ ಕಾಯುತ್ತಿರುವವರು ಗಟ್ಟಿಮುಟ್ಟಾಗಿ ಮನೆಗೆ ಬರಲಿ.