ಕೋಳಿಗೆ ಜಾಗ

"ಎದ್ದೇಳೇ! ಬಾಣಂತಿಯಂತೆ ಬಾಣಂತಿ. ನೀನೊಬ್ಳೇ ಏನೇ ಹೆತ್ತಿರೋದು ಈ ತಾಲ್ಲೂಕಲ್ಲಿ?"

ಕೋಳಿ ಫಾರಂನ ರೈಟರ್ ಯೋಗೇಶ ಆಳುಗಳ ಲೈನ್ ಮನೆಯ ಬಾಗಿಲನ್ನು ಕಾಲಿನಿಂದ ತಳ್ಳಿ ನಿಂತಿದ್ದ. ಶ್ವೇತಾ ಕೂಸನ್ನು ಎದೆಗವಚಿಕೊಂಡು ಎದ್ದು ಕೂತಳು. ಅವಳ ತಾಯಿ ಮಾರಮ್ಮ ಒಲೆಯ ಮುಂದಿನಿಂದ ಎದ್ದಳು.

"ಯಾಕಣ್ಣ, ಏನಾಯ್ತು?"

"ಕೋಳಿಗೆ ಜಾಗ ಬೇಕು. ಮನೆ ಖಾಲಿ ಮಾಡಿ. ಮಧ್ಯಾಹ್ನಕ್ಕೆ ಕಂಪನಿಯೋರು ಬರ್ತಾರಂತೆ."

ಮಾರಮ್ಮನಿಗೆ ಅರ್ಥವಾಯಿತು. ಫಾರಂನ ಪಂಜರಗಳಲ್ಲಿ ಕೋಳಿಗಳು ಒಂದರ ಮೇಲೊಂದು ಬಿದ್ದಿರುವುದನ್ನು ಯಾರೋ ಮೊಬೈಲ್‌ನಲ್ಲಿ ತೆಗೆದು ಹರಿಯಬಿಟ್ಟಿದ್ದರು. ಪಾಳ್ಯದ ಹೋಟೆಲ್‌ನಲ್ಲೂ ಜನ ಅದನ್ನೇ ನೋಡುತ್ತಿದ್ದರು. ಮೊಟ್ಟೆ ಕೊಳ್ಳುವ ಕಂಪನಿಯವರು ಇವತ್ತು ನೋಡಲು ಬರುವವರಿದ್ದರು. ಅಷ್ಟರೊಳಗೆ ಪಂಜರಗಳು ಸಡಿಲವಾಗಬೇಕು, ಹೆಚ್ಚಿನ ಕೋಳಿ ಕಣ್ಣಿಗೆ ಬೀಳಬಾರದು.

"ಹಸುಗೂಸು ಐತಲ್ಲಣ್ಣ, ಎಲ್ಲಿಗೆ ಹೋಗದು?"

"ಮೇವಿನ ಸ್ಟೋರಲ್ಲಿ ಬಿದ್ಕಳ್ರಿ. ಬಾಯಿ ಮಾಡಿದ್ರೆ ಧಣಿ ಪೂರ್ತಿ ಓಡಿಸ್ಬುಡ್ತಾರೆ ನೋಡು."

ಮಾರಮ್ಮ ಮಗಳನ್ನು ಮೂಟೆಗಳ ನಡುವೆ ಕೂರಿಸಿ ಬಂದಳು. ಕೋಳಿಗಳ ಕಾಲು ಹಿಡಿದು, ತಲೆಕೆಳಗಾಗಿ ಎರಡೂ ಕೈಯಲ್ಲಿ ತೂಗಾಡಿಸಿಕೊಂಡು, ತನ್ನ ಮನೆಯನ್ನು ತಾನೇ ತುಂಬಿದಳು. ಅವು ಓಡಲಿಲ್ಲ. ಪಂಜರ ಸೇರಿದ ಮೇಲೆ ನೆಲ ತುಳಿದವೇ ಅಲ್ಲ. ಬಿಟ್ಟಲ್ಲೇ ಕುಸಿದು ಕೂತವು.

ಮಧ್ಯಾಹ್ನ ಕಾರು ಬಂತು. ಕಂಪನಿಯ ಕೃತಿಕಾ ಎಂಬ ಹುಡುಗಿ ಚಪ್ಪಲಿಗೆ ಪ್ಲಾಸ್ಟಿಕ್ ಸುತ್ತಿಕೊಂಡು ಶೆಡ್ಡೆಲ್ಲ ಓಡಾಡಿದಳು. ಧಣಿ ರುದ್ರಯ್ಯ ಬೆನ್ನಿಗೇ ಇದ್ದ.

"ಮಕ್ಕಳ ಥರ ಸಾಕಿದೀವಿ ಮೇಡಂ. ಆ ವಿಡಿಯೋ ಎಲ್ಲ ಆಗದೋರ ಕಿತಾಪತಿ."

ಸ್ಟೋರಿನಲ್ಲಿ ಮೇವಿನ ಧೂಳಿಗೆ ಕೂಸು ಕೆಮ್ಮಿ ಕೆಮ್ಮಿ ನೀಲಿಗಟ್ಟಿತ್ತು.

"ಅವ್ವಾ, ಉಸುರೇ ಎಳೀತಾ ಇಲ್ಲ ಕಣವ್ವಾ!"

ಶ್ವೇತಾಳ ಕೂಗಿಗೆ ಒಳನುಗ್ಗಿದ ಮಾರಮ್ಮ ಕೂಸನ್ನು ಕಸಿದುಕೊಂಡು ಹೊರಗೋಡಿದಳು. ಗಾಳಿ ತಾಗಿದ ಮೇಲೆ ಅದು ಚೀರಿತು. ಯೋಗೇಶ ಅಡ್ಡ ಬರುವಷ್ಟರಲ್ಲಿ ಅಂಗಳ ದಾಟಿ, ಎಲ್ಲರೆದುರೇ ಮನೆಯ ಚಿಲಕ ತೆಗೆದಳು.

ಹೊಸ್ತಿಲವರೆಗೂ ಕೋಳಿ. ಸೀರೆಯ ಜೋಲಿಯ ಕೆಳಗೆ, ಒಲೆಯ ಬೂದಿಯಲ್ಲಿ, ಪುಕ್ಕ ಉದುರಿದ ಕೆಂಪು ಬೆನ್ನುಗಳು.

"ಇವು ಯಾರ ಕೋಳಿ?" ಕೃತಿಕಾ ಕೇಳಿದಳು.

ರುದ್ರಯ್ಯ ನಕ್ಕ. "ಅಯ್ಯೋ, ಅವ್ರವೇ ಮೇಡಂ. ಮನೇಲೇ ಸಾಕ್ಕಂಡವ್ರೆ. ಕೊಳಕು ಜನ, ಎಷ್ಟು ಹೇಳಿದ್ರೂ ಕೇಳಲ್ಲ."

"ಹೌದೇನಮ್ಮ?"

ಯೋಗೇಶ ಕಣ್ಣು ಬಿಟ್ಟು ಹೆದರಿಸಿದ. ಮಾರಮ್ಮ ಕೂಸಿನ ಬೆನ್ನು ನೀವುತ್ತ ಧಣಿಯ ಮುಖವನ್ನೇ ನೋಡಿದಳು.

"ಹೂಂ ಕಣವ್ವ. ಧಣಿ ಹೇಳ್ದಂಗೇಯ."

ಹುಡುಗಿ ಮೂಗಿಗೆ ಕರ್ಚೀಫು ಹಿಡಿದು ಕಾರು ಹತ್ತಿದಳು.

ಹೊತ್ತಿಳಿಯುವಾಗ ಯೋಗೇಶ ಖಾಲಿ ಕ್ರೇಟುಗಳೊಂದಿಗೆ ಬಂದ. ಮಾರಮ್ಮ ಹೊಸ್ತಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ಕುಡುಗೋಲಿತ್ತು.

"ಸರ್ಕೊಳೇ, ಕೋಳಿ ಸಾಗಿಸ್ಬೇಕು."

"ಯಾವ ಕೋಳಿ?"

"ನಾಟಕ ಆಡ್ಬೇಡ. ಧಣಿ ಕೋಳಿ."

"ಆ ಹುಡುಗಿ ಮುಂದೆ ಅವ್ರೇ ಅಂದ್ಬುಟ್ರಲ್ಲ, ನಮ್ವು ಅಂತ. ನಾನೂ ಹೂಂ ಅಂದಿವ್ನಿ. ಹೋಗಿ ಕೇಳ್ಕಂಡ್ ಬಾ."

"ಲೌಡಿ, ಮನೆ ಬಿಡ್ಸಿ ಓಡಿಸ್ತಾರೆ ಕಣೇ!"

"ಬೆಳಿಗ್ಗೇನೇ ಓಡ್ಸಾಯ್ತಲ್ಲ ಮಾರಾಯ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಯೋಗೇಶ ಕ್ರೇಟು ಕೆಳಗಿಟ್ಟು ಧಣಿಗೆ ಫೋನ್ ಹಚ್ಚಿದ. ಒಳಗೆ ಶ್ವೇತಾ ಕೋಳಿಗಳ ನಡುವೆ ಕೂತು ಮೊಲೆಯೂಡಿಸುತ್ತಿದ್ದಳು. ಒಂದು ಕೋಳಿ ತೆವಳಿಕೊಂಡು ಬಂದು ಮಾರಮ್ಮನ ಬೆನ್ನಿಗೆ ಒರಗಿತು.

ಅವಳು ಕುಡುಗೋಲು ಬಿಡದೆ, ಒಂದಿಷ್ಟು ಸರಿದು ಕೂತಳು.